ಚಳಿ, ಬೆಕ್ಕು ಮತ್ತು ಸಾವಿರ ಬೀಡಿ

ನಮ್ಮ ಕರಾವಳಿಯಲ್ಲಿ ಚಳಿಗಾಲವೇ ಇಲ್ಲ ಅಂತ ಘಟ್ಟದ ಮೇಲಿನವರು ತೀರ್ಮಾನ ಮಾಡಿ ಎಷ್ಟೋ ಕಾಲ ಆಯ್ತು. "ನಿಮ್ದು ಎರಡೇ ಕಾಲ ಮಾರಾಯಾ, ಮಳೆಗಾಲ ಮತ್ತೆ ಬೆವರುಕಾಲ" ಅಂತ ಬೆಂಗಳೂರಿನ ಆಫೀಸಿನಲ್ಲಿ ತಮಾಷೆ ಮಾಡ್ತಾರೆ. ಮಂಗಳೂರು ಪೇಟೆಯ ಮಟ್ಟಿಗೆ ಒಪ್ಪಿಕೊಳ್ಳಬಹುದೇನೋ. ಆದರೆ ಬಂಟ್ವಾಳ ದಾಟಿ ಮೂಡಕ್ಕೆ, ಬೆಳ್ತಂಗಡಿ ಕಡೆ ಒಮ್ಮೆ ಬನ್ನಿ. ಪೆರಾರ್ದೆ ತಿಂಗಳಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ಬೆಳಿಗ್ಗೆ ಗಡಾಯಿಕಲ್ಲು ಅನ್ನುವ ಅಷ್ಟು ದೊಡ್ಡ ಬಂಡೆಯೇ ಮಂಜಿನಲ್ಲಿ ನಾಪತ್ತೆ. ಘಟ್ಟ ಇಳಿದು ಬರುವ ಮೂಡುಗಾಳಿಗೆ ತುಟಿ ಒಡೀತದೆ, ಹಿಮ್ಮಡಿ ಬಿರೀತದೆ, ಡಬ್ಬಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಕೂರ್ತದೆ. ಥರ್ಮಾಮೀಟರ್ ನೋಡಿದರೆ 18 ಡಿಗ್ರಿ ಇರಬಹುದು, ಅಷ್ಟೆ. ಆದರೆ ಚಳಿಯನ್ನು ಅಳೆಯುವುದು ಥರ್ಮಾಮೀಟರಿನಲ್ಲಲ್ಲ, ಬಚ್ಚಲ ಒಲೆಯ ಮುಂದೆ ಎಷ್ಟು ಜನ ಕೂತಿದ್ದಾರೆ ಅನ್ನುವುದರಲ್ಲಿ. ನಮ್ಮ ಮನೆಯಲ್ಲಿ ಆ ಜಾಗ ಮೊದಲು ಸಿಗುವುದು ಬೆಕ್ಕಿಗೆ. ಹೆಸರು ಬೊಳ್ಳಿ, ಬಣ್ಣ ಬಿಳಿ. ಡಿಸೆಂಬರಿನಲ್ಲಿ ಮಾತ್ರ ಒಲೆಯ ಬೆಚ್ಚಗಿನ ಬೂದಿಯೊಳಗೇ ಮಲಗಿ ಎದ್ದು ಬರುವುದರಿಂದ ಬಣ್ಣ ಬೂದಿ :)

ಈಗ ವಿಷಯಕ್ಕೆ ಬರ್ತೇನೆ. ನನ್ನ ಟೀಮಿನ ಅರ್ಧ ಜನ ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಮೈನಸ್ 20. ವರ್ಷದ ಕೊನೆಗೆ ಅವರಿಗೆಲ್ಲ ರಜೆ, ಆದ್ದರಿಂದ ನಮಗೂ ಕೆಲಸ ಕಡಿಮೆ. ನಾನು ಪ್ರತಿ ವರ್ಷ ಆ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಕೊಂಡು ಊರಿಗೆ ಬಂದು ಬಿಡ್ತೇನೆ. ಕಳೆದ ಡಿಸೆಂಬರಿನಲ್ಲಿ ಆಫೀಸಿನ ಗ್ರೂಪಿಗೆ ಅಲ್ಲಿನ ಒಬ್ಬಾಕೆ ಒಂದು ಫೋಟೋ ಹಾಕಿದ್ದಳು. ಕಿಟಕಿಯಾಚೆ ಹಿಮದ ರಾಶಿ, ಈಚೆ ಸೋಫಾದ ಮೇಲೆ ಅರ್ಧ ಹೆಣೆದ ಮಫ್ಲರು, ಉಣ್ಣೆಯ ಉಂಡೆ, ಅದರ ಪಕ್ಕ ಮುದುಡಿ ಮಲಗಿದ ಬೆಕ್ಕು. ಚಂದದ ಫೋಟೋ. ಎಲ್ಲರೂ ಹೃದಯದ ಚಿತ್ರ ಒತ್ತಿದ್ದೇ ಒತ್ತಿದ್ದು. ಕೈಕೆಲಸ ಮಾಡಿದರೆ ಮನಸ್ಸಿಗೆ ಹೇಗೆ ನೆಮ್ಮದಿ ಸಿಗ್ತದೆ ಅಂತ ನಮ್ಮ ಬೆಂಗಳೂರಿನ ಎಚ್ಚಾರ್ ಮೇಡಂ ಒಂದು ಪ್ಯಾರಾ ಬರೆದರು.

ಅದೇ ಹೊತ್ತಿಗೆ ನಮ್ಮ ಮನೆಯ ಜಗಲಿಯಲ್ಲೂ ಹೆಚ್ಚುಕಡಿಮೆ ಅದೇ ಚಿತ್ರ ಇತ್ತು. ಹೊರಗೆ ಮಂಜು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಗೋಡೆಗೆ ಒರಗಿ ಕೂತ ಅಮ್ಮ, ಮಡಿಲಲ್ಲಿ ತಡ್ಪೆ (ಘಟ್ಟದ ಮೇಲಿನವರಿಗೆ ಗೆರಸೆ), ತಡ್ಪೆಯಲ್ಲಿ ಹೊಗೆಸೊಪ್ಪು, ಎಲೆ, ನೂಲಿನ ಉಂಡೆ. ಒಂದು ಮೊಳ ದೂರದಲ್ಲಿ ಬೊಳ್ಳಿ, ಆ ನೂಲಿನ ಮೇಲೇ ಕಣ್ಣು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರೆ ಎಚ್ಚಾರ್ ಮೇಡಂ ಏನು ಬರೀತಿದ್ದರು ಅಂತ ಯೋಚನೆ ಮಾಡಿದೆ. ನೆಮ್ಮದಿಯ ಬಗ್ಗೆಯಂತೂ ಅಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಈ ಮೂರು ಕಡೆ ಮನೆಯೊಳಗೆ ಕೂತು ಮಾಡುವ ಕೈಕೆಲಸಗಳು ಬೇಕಾದಷ್ಟು ಇದ್ದವು. ಅಡಿಕೆ ಹಾಳೆಯಿಂದ ಮುಟ್ಟಾಳೆ ಮಾಡುವುದು, ಮುಂಡೇವಿನ ಎಲೆಯಲ್ಲಿ ಚಾಪೆ ಹೆಣೆಯುವುದು, ಮಡಲು ನೇಯುವುದು, ಗರಿಯ ಕಡ್ಡಿ ಕೆರೆದು ಹಿಡಿಸೂಡಿ ಕಟ್ಟುವುದು. ಕಾಡಿನ ಬಳ್ಳಿ ತಂದು ಕೊರಗರು ಹೆಣೆದ ಬುಟ್ಟಿ ಇಲ್ಲದ ಮನೆಯೇ ಇರಲಿಲ್ಲ. ಇವುಗಳಿಗೆಲ್ಲ ಈಗ ಒಂಥರಾ ಗೌರವ ಬಂದಿದೆ. ಸಮ್ಮೇಳನಗಳಲ್ಲಿ ಮಳಿಗೆ ಹಾಕ್ತಾರೆ, ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಫೋಟೋ ತೆಗೀತಾರೆ. ಮೂಡಬಿದಿರೆಗೆ ಹತ್ತಿರದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘ ಇದೆ. ಮುಚ್ಚುವ ಸ್ಥಿತಿಗೆ ಬಂದಿದ್ದ ಕೈಮಗ್ಗಕ್ಕೆ ಅಲ್ಲಿ ಮತ್ತೆ ಜೀವ ಬಂತು. ಉಡುಪಿ ಸೀರೆಗೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ನಮ್ಮ ಮೂರು ತಾಲೂಕುಗಳಲ್ಲಿ ಹೆಂಗಸರ ಕೈಗೆ ಅಭ್ಯಾಸವಾಗಿ ಹೋದ ಕೈಕೆಲಸ ಯಾವುದು ಅಂತ ಪ್ರಾಮಾಣಿಕವಾಗಿ ಕೇಳಿದರೆ ಉತ್ತರ ಬೀಡಿಯೇ. ಬೀಡಿಗೆ ಯಾರೂ ಜಿಐ ಕೇಳುವುದಿಲ್ಲ, ಮಳಿಗೆಯಲ್ಲಿ ಇಡುವುದಿಲ್ಲ. ಇಡಬೇಕು ಅಂತ ನಾನೂ ಹೇಳುವುದಿಲ್ಲ. ಸೇದುವವರ ಶ್ವಾಸಕೋಶ ಸುಡುವ ವಸ್ತು ಅದು. ಕಟ್ಟುವವರಿಗೂ ಒಳ್ಳೆಯದಲ್ಲ. ಹೊಗೆಸೊಪ್ಪಿನ ಧೂಳು, ಕೆಮ್ಮು, ಬೆನ್ನು, ಕುತ್ತಿಗೆ, ಕಣ್ಣು ಎಲ್ಲ ಲೆಕ್ಕಕ್ಕೆ ಬರ್ತವೆ.

ಆದರೂ ಆ ಕೈಚಳಕವನ್ನು ಒಮ್ಮೆ ನೋಡಿ ಅಂತೇನೆ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾದ ಕಾಡುಗಳಿಂದ. ಹೊಗೆಸೊಪ್ಪು ನಿಪ್ಪಾಣಿ ಕಡೆಯದ್ದು, ಗುಜರಾತಿನದ್ದು. ರಾತ್ರಿ ಎಲೆಯನ್ನು ನೀರಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಬೇಕು. ನರ ಎಲ್ಲಿ ಬರಬೇಕು, ತೂತು ಇರುವ ಎಲೆಯಿಂದ ಎಷ್ಟು ತುಂಡು ಹೊರಡಿಸಬಹುದು ಅನ್ನುವುದು ಕಣ್ಣಳತೆ. ಎಲೆ ಕೊಡುವುದು ತೂಕ ಮಾಡಿ, ಬೀಡಿ ತಕ್ಕೊಳ್ಳುವುದು ಲೆಕ್ಕ ಮಾಡಿ, ಹಾಗಾಗಿ ಹಾಳಾದ ಎಲೆ ಕಟ್ಟುವವಳದ್ದೇ ನಷ್ಟ. ಆಮೇಲೆ ಚಿಟಿಕೆ ಹೊಗೆಸೊಪ್ಪು ಇಟ್ಟು ಸುರುಟಿ, ನೂಲು ಸುತ್ತಿ, ತುದಿ ಮಡಚಿ... ನಾನು ಈ ವಾಕ್ಯ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅಮ್ಮ ಎರಡು ಬೀಡಿ ಕಟ್ಟಿರ್ತಾಳೆ, ನೋಡದೆ. ಕಣ್ಣು ಧಾರಾವಾಹಿ ಮೇಲೋ, ಅಂಗಳದ ಅಡಿಕೆಗೆ ಬಂದ ಕೋಳಿ ಮೇಲೋ ಇರ್ತದೆ.

ಚಳಿಗಾಲದಲ್ಲಿ ಇದರ ಕಷ್ಟವೇ ಬೇರೆ. ಮಳೆಗಾಲದಲ್ಲಿ ಹೊಗೆಸೊಪ್ಪು ಥಂಡಿ ಹಿಡೀತದೆ, ಅದು ಒಂದು ತಲೆಬಿಸಿ. ಮೂಡುಗಾಳಿ ಶುರುವಾದರೆ ಎಲೆ ಗಳಿಗೆಗೊಮ್ಮೆ ಒಣಗಿ ಪಟಕ್ಕಂತ ಒಡೀತದೆ. ಮತ್ತೆ ಮತ್ತೆ ನೀರು ಚಿಮುಕಿಸಬೇಕು. ಬೆಳಿಗ್ಗೆ ಐದೂವರೆಗೆ ತಣ್ಣಗಿನ ಒದ್ದೆ ಎಲೆ ಹಿಡಿದ ಬೆರಳು ಮರಗಟ್ಟಿದ ಹಾಗೆ ಆಗ್ತದೆ. ಬಚ್ಚಲ ಒಲೆಗೆ ಕೈ ಕಾಯಿಸಿ ಬಂದು ಪುನಃ ಕೂರುವುದು. ಬೊಳ್ಳಿಯ ಉಪದ್ರ ಬೇರೆ. ನೂಲು ಎಳಕೊಂಡು ಓಡುವುದಲ್ಲದೆ, ತಡ್ಪೆಯ ಹತ್ತಿರ ಬಂದರೆ ರೋಮ ಉದುರಿಸ್ತದೆ. ಬೀಡಿಯೊಳಗೆ ಬೆಕ್ಕಿನ ರೋಮ ಸಿಕ್ಕಿದರೆ ಬ್ರಾಂಚಿನಲ್ಲಿ ಚೆಕ್ಕರ್ ಇಡೀ ಕಟ್ಟನ್ನೇ ಬದಿಗಿಡ್ತಾನೆ. ಒಂದು ಕಟ್ಟಿಗೆ 25 ಬೀಡಿ, 40 ಕಟ್ಟಾದರೆ ಸಾವಿರ. ಮಜೂರಿಯ ಲೆಕ್ಕ ಇರುವುದು ಸಾವಿರಕ್ಕೆ.

ಈಗ ನನ್ನ ವಾದ ಶುರು.

2020ರಲ್ಲಿ ಕೊರೋನ ಬಂದು ನಮ್ಮನ್ನೆಲ್ಲ ಮನೆಗೆ ಕಳಿಸಿದಾಗ 'ವರ್ಕ್ ಫ್ರಮ್ ಹೋಮ್' ಅಂದರೆ ಏನೋ ಹೊಸ ಯುಗ ಬಂತು ಅನ್ನುವ ಹಾಗೆ ಮಾತಾಡಿದೆವು. ನಮ್ಮ ಊರಿನಲ್ಲಿ ಅದು ಹೊಸತೇ ಅಲ್ಲ. ವಸ್ತು ಕಂಪನಿಯದ್ದು, ಜಾಗ ನಿಮ್ಮದು, ಹೊತ್ತು ನಿಮ್ಮದು, ಮಾಡಿದ ಕೆಲಸ ತಂದು ತೋರಿಸಿ, ಸರಿಯಿಲ್ಲದಿದ್ದರೆ ವಾಪಸ್ಸು. ನನ್ನ ಕೋಡ್ ರಿವ್ಯೂಗೂ ಅಮ್ಮನ ಬ್ರಾಂಚಿನ ಚೆಕ್ಕರನಿಗೂ ಏನು ವ್ಯತ್ಯಾಸ? ಒಂದೇ. ನನ್ನದನ್ನು ತಿರಸ್ಕರಿಸಿದರೆ ಸಂಬಳ ಕಡಿತ ಇಲ್ಲ. ಇನ್ನೊಂದು ವ್ಯತ್ಯಾಸವೂ ಉಂಟು. ನನಗೆ ಕಂಪನಿ ಕುರ್ಚಿಗೆ ದುಡ್ಡು ಕೊಟ್ಟಿತು, ಇಂಟರ್‌ನೆಟ್ಟಿಗೆ ಕೊಟ್ಟಿತು, ಬೆನ್ನು ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆ ಅಂತ ವಿಡಿಯೋ ತೋರಿಸಿತು. ಅಮ್ಮ ಮೂವತ್ತು ವರ್ಷದಿಂದ ಒರಗಿದ ಗೋಡೆಯಲ್ಲಿ ಎಣ್ಣೆಜಿಡ್ಡಿನ ಒಂದು ಗುರುತು ಉಂಟು. ಮನೆಗೆ ಪೈಂಟ್ ಹೊಡೆಸಿದಾಗೆಲ್ಲ ಅದು ಎರಡೇ ತಿಂಗಳಲ್ಲಿ ವಾಪಸ್ ಬರ್ತದೆ.

ಮನೆಯಲ್ಲಿ ಕೂತು ಮಾಡುವವರು ಕೆಲಸಗಾರರೇ ಅಲ್ಲ ಅನ್ನುವ ವಾದ ಹಳೆಯದು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಗೆ ಎಲೆ, ಹೊಗೆಸೊಪ್ಪು ಒಯ್ದು ಕಟ್ಟುವವರನ್ನೂ ಅದು ಕಾರ್ಮಿಕರು ಅಂತ ಕರೆಯಿತು. ಅದನ್ನು ಪ್ರಶ್ನಿಸಿ ಬೀಡಿ ಉದ್ಯಮದವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಕೇಸಿನ ಹೆಸರಲ್ಲೇ ಮಂಗಳೂರು ಉಂಟು, ಕಾನೂನು ಓದಿದವರಿಗೆ ಗೊತ್ತಿರ್ತದೆ. ಆಮೇಲೆ ಭವಿಷ್ಯನಿಧಿಯ ತಕರಾರು. ಮನೆಯಲ್ಲಿ ಕಟ್ಟುವುದು ಅವಳೋ, ಅವಳ ಮಗಳೋ, ಅತ್ತೆಯೋ ಯಾರಿಗೆ ಗೊತ್ತು, ನಮ್ಮ ಮೇಲ್ವಿಚಾರಣೆಯೇ ಇಲ್ಲ, ಹಾಗಾಗಿ ಪಿಎಫ್ ಯಾಕೆ ಅನ್ನುವುದು ಕಂಪನಿಗಳ ವಾದ. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಒಪ್ಪಲಿಲ್ಲ. ಕೆಟ್ಟ ಬೀಡಿಯನ್ನು ತಿರಸ್ಕರಿಸುವ ಹಕ್ಕು ನಿಮ್ಮ ಕೈಯಲ್ಲಿದೆಯಲ್ಲ, ಅದೇ ಮೇಲ್ವಿಚಾರಣೆ ಅಂದಿತು. ಎಷ್ಟು ಸರಳ, ಎಷ್ಟು ಸರಿಯಾದ ಮಾತು! ಊರೂರಿನ ಆ್ಯಪ್ ಕಂಪನಿಗಳು ಇವತ್ತು 'ಇವರು ನಮ್ಮ ಕೆಲಸಗಾರರಲ್ಲ, ಪಾರ್ಟ್‌ನರುಗಳು' ಅನ್ನುವಾಗೆಲ್ಲ ನನಗೆ ಈ ತೀರ್ಪು ನೆನಪಾಗ್ತದೆ.

ಹಾಗೆ ಸಿಕ್ಕಿದ್ದು ಸಣ್ಣದಲ್ಲ. ಬೀಡಿ ಕಟ್ಟುವ ಹೆಂಗಸಿಗೆ ಗುರುತಿನ ಕಾರ್ಡು, ಲಾಗ್‌ಬುಕ್ಕು, ಪಿಎಫ್, ಬೋನಸ್ಸು. 1976ರ ಕಲ್ಯಾಣನಿಧಿಯಿಂದ ಮಕ್ಕಳಿಗೆ ಸ್ಕಾಲರ್‌ಶಿಪ್ಪು. ನಾನು ಮೂಡಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಆ ಸ್ಕಾಲರ್‌ಶಿಪ್ ಬಂದಿದೆ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ಮೇಲೆ ದಿನಾ ಹೋಗಿ ಬರುವ ಬಸ್ಸಿನ ಪಾಸು ಅಮ್ಮನ ಬೀಡಿಯದ್ದು. ಅಪ್ಪನ ತೋಟದ ಕೂಲಿಯಲ್ಲಿ ಅಕ್ಕಿ ಬಂತು, ಅಮ್ಮನ ತಡ್ಪೆಯಲ್ಲಿ ಉಳಿದದ್ದೆಲ್ಲ ಬಂತು. ಯಾರ ಎದುರೂ ಕೈಚಾಚದೆ ತನ್ನ ಹೆಸರಿನಲ್ಲಿ ಬರುವ ದುಡ್ಡು ಅಂತ ಒಂದು ಅವಳಿಗೆ ಇತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರ ಮಾತಿಗೆ ತೂಕ ಬಂದದ್ದು ಇದರಿಂದ ಅಂತ ನನ್ನ ನಂಬಿಕೆ.

ಈಗ ಇದು ಮುಗೀತಾ ಬರ್ತಾ ಉಂಟು. ಸೇದುವವರು ಕಡಿಮೆಯಾದರು, ಒಳ್ಳೆಯದೇ ಆಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಬೀಡಿಗೆ 28 ಶೇಕಡ ತೆರಿಗೆ ಬಿತ್ತು. ಕಲ್ಯಾಣನಿಧಿಗೆ ಹೋಗುತ್ತಿದ್ದ ಸೆಸ್ಸು ಅದೇ ಗಲಾಟೆಯಲ್ಲಿ ರದ್ದಾಯಿತು. 2025ರ ಸೆಪ್ಟೆಂಬರಿನಲ್ಲಿ ಬೀಡಿಯ ತೆರಿಗೆಯನ್ನು 18ಕ್ಕೆ, ಎಲೆಯದ್ದನ್ನು 18ರಿಂದ 5ಕ್ಕೆ ಇಳಿಸುವ ತೀರ್ಮಾನವಾಯಿತು. 'ಬೀಡಿಗೆ ಯಾಕೆ ಇಳಿಸಿದ್ದು' ಅಂತ ಟೀವಿಯಲ್ಲಿ ದೊಡ್ಡ ಚರ್ಚೆ, ಆದರೆ ಇಳಿಸಿದ್ದರಿಂದ ವಾರಕ್ಕೆ ಎಷ್ಟು ದಿನ ಎಲೆ ಸಿಗ್ತದೆ ಅನ್ನುವ ಅಮ್ಮನ ಪ್ರಶ್ನೆಗೆ ಅಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1966ರ ಆ ಕಾಯ್ದೆಯೂ ಅದರೊಳಗೆ ಕರಗಿತು. ಮೊದಲು ಅಮ್ಮ ದಿನಕ್ಕೆ ಏಳೆಂಟುನೂರು ಕಟ್ಟುತ್ತಿದ್ದವಳು, ಈಗ ಎಲೆ ಕೊಡುವುದೇ ಅದರ ಅರ್ಧಕ್ಕೆ. ಬಂಟ್ವಾಳದ ಚಿಕ್ಕಮ್ಮ ಬೀಡಿ ಬಿಟ್ಟು ಬಿ.ಸಿ.ರೋಡಿನ ಒಂದು ಅಂಗಡಿಗೆ ಹೋಗ್ತಾಳೆ, ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು.

ಬೀಡಿ ಉಳಿಯಬೇಕು ಅಂತ ನಾನು ಹೇಳ್ತಾ ಇಲ್ಲ. ಬೀಡಿಯ ಜೊತೆಗೆ ಏನೇನು ಹೋಗ್ತದೆ ಅಂತ ನೋಡಿ ಅಂತ ಹೇಳ್ತಾ ಇದ್ದೇನೆ. ಮನೆಯಲ್ಲೇ ಕೆಲಸ, ತನ್ನದೇ ಹೊತ್ತು, ಸ್ವಂತದ ಕಾಸು, ಕಾನೂನಿನ ಕಣ್ಣಲ್ಲಿ ನಾನೊಬ್ಬ ಕಾರ್ಮಿಕಳು ಅನ್ನುವ ಲೆಕ್ಕ. ಈ ನಾಲ್ಕೂ ಒಟ್ಟಿಗೆ ಕೊಡುವ ಇನ್ನೊಂದು ಕೆಲಸ ನಮ್ಮ ತಾಲೂಕುಗಳಲ್ಲಿ ಹಳ್ಳಿಯ ಹೆಂಗಸಿಗೆ ಉಂಟಾ?

ಇದಕ್ಕೆ ಸಿಗುವ ಉತ್ತರ ಯಾವಾಗಲೂ ಒಂದೇ, 'ತರಬೇತಿ'. ಮೂಡಬಿದಿರೆಯಲ್ಲಿರುವ ನನ್ನ ಅತ್ತಿಗೆ (ದೊಡ್ಡಪ್ಪನ ಮಗನ ಹೆಂಡತಿ) ಹದಿನೈದು ದಿನದ ಕರಕುಶಲ ತರಬೇತಿಗೆ ಹೋಗಿದ್ದರು. ಸೆಣಬಿನ ಚೀಲ, ಕಾಗದದ ಹೂ, ಬಾಟಲಿಗೆ ಬಣ್ಣ. ಕೊನೆಯ ದಿನ ಸರ್ಟಿಫಿಕೇಟು, ಗ್ರೂಪ್ ಫೋಟೋ. ಅವರು ಮಾಡಿದ ಚೀಲ ನಿಜಕ್ಕೂ ಚಂದ ಉಂಟು, ನನ್ನ ಲ್ಯಾಪ್‌ಟಾಪ್ ಅದರಲ್ಲೇ ಓಡಾಡುವುದು. ಆದರೆ ಆ ಚೀಲ ಕೊಳ್ಳುವವರು ಯಾರು? ಚೀಲಕ್ಕೆ ಬಟ್ಟೆ ಯಾರು ತಂದು ಕೊಡ್ತಾರೆ, ಮಾಡಿದ್ದನ್ನು ಶನಿವಾರ ಯಾರು ತಕ್ಕೊಂಡು ಹೋಗ್ತಾರೆ, ಪಿಎಫ್ ಯಾರು ಕಟ್ತಾರೆ? ಬೀಡಿಯಲ್ಲಿ ಇವಿಷ್ಟೂ ಇತ್ತು. ಕೌಶಲ್ಯದ ಕೊರತೆ ಎಂದೂ ಇರಲಿಲ್ಲ ಮಾರಾಯ್ರೆ. ಸಾವಿರ ಬೀಡಿಯನ್ನು ಒಂದೇ ಅಳತೆಗೆ ಕಟ್ಟುವ ಕೈಗೆ ಕಾಗದದ ಹೂ ಕಲಿಸುವುದು ಅಂದರೆ, ಹತ್ತು ವರ್ಷ ಅನುಭವ ಇರುವವನಿಗೆ ಕಂಪ್ಯೂಟರ್ ಆನ್ ಮಾಡುವುದು ಹೇಗೆ ಅಂತ ಪಾಠ ಮಾಡಿದ ಹಾಗೆ. ಅತ್ತಿಗೆ ಈಗ ಒಂದು ಹಾಸ್ಟೆಲಿನ ಅಡುಗೆಮನೆಗೆ ಹೋಗ್ತಾರೆ.

ಆನ್‌ಲೈನ್ ಮಾರಿ ಅನ್ನುವವರೂ ಇದ್ದಾರೆ, ಹೆಚ್ಚಾಗಿ ನಮ್ಮ ಐಟಿಯವರೇ. ಫೋಟೋ ತೆಗೆದು, ಪಾರ್ಸೆಲ್ ಕಟ್ಟಿ, ವಾಪಸ್ ಬಂದದ್ದರ ಖರ್ಚು ಹೊತ್ತು ಎಷ್ಟು ಜನ ಬದುಕಿಯಾರು? ಒಬ್ಬಿಬ್ಬರು ಗೆಲ್ತಾರೆ, ಅವರ ಬಗ್ಗೆ ಪತ್ರಿಕೆಯಲ್ಲಿ ಬರ್ತದೆ.

ಬೇರೆ ದಾರಿ ಇಲ್ಲವಾ? ದೂರ ಹೋಗಬೇಕಾಗಿಲ್ಲ, ಕಾಸರಗೋಡು ದಾಟಿದರೆ ಕಣ್ಣೂರು. 1966ರ ಕಾಯ್ದೆಯನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ಮಾಲಿಕರು ಅಲ್ಲಿನ ಕೆಲಸ ನಿಲ್ಲಿಸಿದರು, ಸಾವಿರಾರು ಜನ ಒಮ್ಮೆಗೇ ಖಾಲಿ ಕೈ. ಅವರು 1969ರಲ್ಲಿ ಕಟ್ಟಿಕೊಂಡ ಸಹಕಾರಿ ಸಂಘವೇ ಕೇರಳ ದಿನೇಶ್ ಬೀಡಿ. ಒಂದು ಕಾಲದಲ್ಲಿ ಅಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬೀಡಿಗೆ ಕಾಲ ಇಲ್ಲ ಅಂತ ಗೊತ್ತಾದಾಗ ಅವರು 1990ರ ದಶಕದ ಕೊನೆಗೆ ಸಂಘವನ್ನು ಮುಚ್ಚಲಿಲ್ಲ, ಕೆಲಸ ಬದಲಾಯಿಸಿದರು. ತೆಂಗಿನಹಾಲು, ಮಸಾಲೆಪುಡಿ, ಕೊಡೆ, ಬಟ್ಟೆ. ಸಾಫ್ಟ್‌ವೇರ್ ಕೂಡ! ನಂಬಿ, ಬೀಡಿ ಕಟ್ಟುವವರ ಸಂಘಕ್ಕೆ ಒಂದು ಸಾಫ್ಟ್‌ವೇರ್ ಘಟಕ. ಮೊದಲ ಸಲ ಓದಿದಾಗ ನಾನು ಎರಡು ಸಲ ಓದಿದೆ. ಎಲ್ಲರಿಗೂ ಕೆಲಸ ಉಳಿಯಿತು ಅಂತಲ್ಲ, ಅಲ್ಲೂ ಸಂಖ್ಯೆ ತುಂಬಾ ಇಳಿಯಿತು. ಆದರೆ ಸಂಬಂಧ ಮುರಿಯಲಿಲ್ಲ. 'ನೀವು ಕೆಲಸಗಾರರು, ಕೆಲಸ ಬೇರೆ ಆಯಿತು ಅಷ್ಟೆ' ಅನ್ನುವುದಕ್ಕೂ, 'ಕೆಲಸ ಮುಗೀತು, ಬೇಕಾದರೆ ಹೂ ಮಾಡಿ' ಅನ್ನುವುದಕ್ಕೂ ವ್ಯತ್ಯಾಸ ಇಲ್ಲವಾ?

ಅವರಿಗೆ ಅದು ಸಾಧ್ಯವಾಗಲು ಒಂದು ಕಾರಣ ಅವರು ಒಂದೇ ಸೂರಿನಡಿ ಕೂತು ಕಟ್ಟುತ್ತಿದ್ದರು. ಒಬ್ಬ ಪತ್ರಿಕೆ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತಾ ಕಟ್ಟುವುದು, ಓದಿದವನ ಪಾಲಿನ ಬೀಡಿಯನ್ನು ಇವರೇ ಹಂಚಿಕೊಂಡು ಕಟ್ಟಿಕೊಡುವುದು. ನಮ್ಮ ಹೆಂಗಸರು ಒಬ್ಬೊಬ್ಬರೇ, ತಂತಮ್ಮ ಜಗಲಿಯಲ್ಲಿ. ಪತ್ರಿಕೆಯ ಬದಲು ಆಕಾಶವಾಣಿ ಮಂಗಳೂರು ಇತ್ತು, ಈಗ ಟೀವಿ, ಮೊಬೈಲು. ರೇಡಿಯೋ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಎದುರು ಮಾತಾಡಲು ಆಗುವುದಿಲ್ಲವಲ್ಲ. ಮನೆಯ ಕೆಲಸದ ನೆಮ್ಮದಿಯೂ ಅದೇ, ತೊಂದರೆಯೂ ಅದೇ. ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂದಾಗ ಒದ್ದಾಡಿದ ನಮ್ಮಂಥವರು ಕೂಡ ಯೋಚಿಸಬೇಕಾದ ವಿಷಯ ಇದು.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಲೆಕ್ಕ ಹೀಗೆ. ಮೊದಲು ಇರುವವರದ್ದು ನೋಡಿ. ಮೂವತ್ತು ವರ್ಷ ಕಟ್ಟಿದವರ ಪಿಎಫ್ ದುಡ್ಡು ಹೆಸರಿನ ಒಂದಕ್ಷರ ಆಧಾರಿಗೆ ಹೊಂದುವುದಿಲ್ಲ ಅಂತ ನಿಲ್ಲಬಾರದು. ಪಿಎಫ್ ಪಿಂಚಣಿಗೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಅಂತ 2014ರಲ್ಲಿ ಗೊತ್ತುಮಾಡಿದರು. ಹತ್ತು ವರ್ಷ ದಾಟಿದರೂ ಆ ಸಾವಿರ ಸಾವಿರವಾಗಿಯೇ ಇತ್ತು. ಸಿಲಿಂಡರ್ ತಕ್ಕೊಂಡರೆ ಅದರಲ್ಲಿ ಎಷ್ಟು ಉಳೀತದೆ, ನೀವೇ ಹೇಳಿ. ಎರಡನೆಯದು, ಹೊಸ ಕೆಲಸ ತರುವುದಾದರೆ ವಸ್ತು ಮನೆಗೆ ಬಂದು, ಮಾಡಿದ್ದು ಮನೆಯಿಂದ ಹೋಗುವ ಬೀಡಿ ಬ್ರಾಂಚಿನ ವ್ಯವಸ್ಥೆಯನ್ನೇ ಉಳಿಸಿಕೊಳ್ಳಿ. ಹಳ್ಳಿಹಳ್ಳಿಗೆ ಹಬ್ಬಿದ ಅಂಥ ಜಾಲ ಕೊರಿಯರ್ ಕಂಪನಿಗಳಿಗೂ ಇಲ್ಲ. ಹಾಳೆತಟ್ಟೆಯೋ, ಬಟ್ಟೆಯೋ, ಇನ್ನೊಂದೋ, ಏನೇ ಇರಲಿ, ಅದರ ಲಾಗ್‌ಬುಕ್ಕಿನಲ್ಲಿ ಅವಳ ಹೆಸರು ಇರಬೇಕು.

ಇದನ್ನೆಲ್ಲ ಅಮ್ಮನ ಹತ್ತಿರವೂ ಹೇಳಿದೆ, ಜನವರಿಯ ಒಂದು ಮಧ್ಯಾಹ್ನ. ಅವಳು ಪೂರ್ತಿ ಕೇಳಿದಳು, ಬೆರಳು ಮಾತ್ರ ನಿಲ್ಲಲಿಲ್ಲ.

"ನಿನ್ನ ಕಂಪನಿಯಲ್ಲಿ ಜನ ತೆಗೀತಾರಂತಲ್ಲ, ನಿನ್ನನ್ನು ತೆಗೆದ್ರೆ ನಿಂಗೆ ಎಂತ ಕೊಡ್ತಾರೆ? ಟ್ರೈನಿಂಗಾ?"

"ಇಲ್ಲಮ್ಮ, ಎರಡು ಮೂರು ತಿಂಗಳ ಸಂಬಳ ಕೊಟ್ಟು ಕಳಿಸ್ತಾರೆ."

"ಹಾಗಾದ್ರೆ ಅಡ್ಡಿಲ್ಲ" ಅಂದಳು. ಆಮೇಲೆ ನೂಲಿಗೆ ಬಾಯಿ ಹಾಕಿದ ಬೊಳ್ಳಿಗೆ ತುಳುವಿನಲ್ಲಿ ಎರಡು ಬೈದಳು.

ನಿಮ್ಮೂರಿನ ಕಡೆ ಮನೆಯಲ್ಲಿ ಕೂತು ಕಟ್ಟುವವರು, ಹೊಸೆಯುವವರು, ಹೆಣೆಯುವವರು ಇದ್ದಾರಾ? ಊದುಬತ್ತಿ, ಹಪ್ಪಳ, ಹೂ, ಏನಾದರೂ? ಅವರ ಲೆಕ್ಕ ಸಾವಿರಕ್ಕಾ, ಕಿಲೋಗಾ? ಪಿಎಫ್ ಉಂಟಾ? ಗೊತ್ತಿದ್ದವರು ಬರೆದು ತಿಳಿಸಿ, ನನಗೆ ನಿಜಕ್ಕೂ ಬೇಕಾಗಿದೆ.